ನರ ಊದಿದೆ ಅಂದರಂತೆ

ಮೊನ್ನೆ ನನ್ನ ಮೊಮ್ಮಗಳ ಕೆಳಗಿನ ವಸಡಿನಲ್ಲಿ ಎರಡು ಹಲ್ಲು ಮೂಡಿದವು. ಅಕ್ಕಿಯ ನುಚ್ಚನ್ನು ಅಂಟಿಸಿಟ್ಟ ಹಾಗೆ ಕಾಣುತ್ತವೆ. ಬೀದಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ತೋರಿಸಿದೆ. ಡೈರಿಗೆ ಹಾಲು ಹಾಕಲು ಹೋದಾಗಲೂ ಕಂಕುಳಲ್ಲಿ ಎತ್ತಿಕೊಂಡು ಹೋಗಿ, ಅಲ್ಲಿ ಹಾಲು ಅಳೆಯುವವನಿಗೆ ತುಟಿ ಬಿಡಿಸಿ ತೋರಿಸಿದೆ. ಅವನು, ಹಲ್ಲು ಎಲ್ಲ ಮಕ್ಕಳಿಗೂ ಬರುತ್ತದಲ್ಲ ಅಜ್ಜಿ ಅಂದ. ಬರುತ್ತದಪ್ಪ, ಯಾರು ಇಲ್ಲ ಅಂದರು? ಆದರೆ ಇವಳು ಬಂದ ದಾರಿಯಲ್ಲಿ ಎಲ್ಲ ಮಕ್ಕಳೂ ಬಂದಿಲ್ಲ.

ಆ ದಾರಿಯನ್ನು ಹೇಳೋಣ ಅಂತ ಕೂತಿದ್ದೇನೆ. ನಾನು ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಒತ್ತಕ್ಷರ ತಪ್ಪಿದ ಕಡೆ ನೀವೇ ಒತ್ತಿಕೊಳ್ಳಿ. ಇದು ಗಂಡಸರ ವಿಷಯ, ಹೆಂಗಸು ಬರೆಯುವುದಲ್ಲ ಅನ್ನುವವರೂ ಇದ್ದಾರೆ. ಗಂಡಸರು ಯಾರೂ ಬರೆಯಲಿಲ್ಲವಲ್ಲ, ಅದಕ್ಕೇ ನಾನು ಬರೆಯುತ್ತೇನೆ. ಮಗನನ್ನೂ ಸೊಸೆಯನ್ನೂ ಕೇಳಿಕೊಂಡೇ ಬರೆಯುತ್ತಿದ್ದೇನೆ. ಹೆಸರೊಂದು ಹಾಕಬೇಡ ಅಂದ ಮಗ. ಸೊಸೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಅಷ್ಟೇ ನನಗೆ ಸಿಕ್ಕ ಒಪ್ಪಿಗೆ.

ನಮ್ಮದು ಕೊಡಿಗೇನಹಳ್ಳಿಗೆ ಹತ್ತಿರದ ಊರು. ಒಬ್ಬನೇ ಮಗ. ಅವನಿಗೊಂದು ಲಗೇಜ್ ಆಟೊ ಇದೆ. ಹೂವು, ಟೊಮೊಟೊ, ಹುಣಸೆಹಣ್ಣು, ಏನು ಬಂದರೂ ತುಂಬಿಕೊಂಡು ಹಿಂದೂಪುರದ ಮಾರ್ಕೆಟ್ಟಿಗೆ ಹಾಕಿ ಬರುತ್ತಾನೆ. ಸೊಸೆ ಪಾವಗಡದ ಕಡೆಯವಳು, ಕ್ಯಾತಗಾನಚೆರ್ಲು ಹತ್ತಿರ. ಅವಳ ಅಪ್ಪ ಕಡಲೆಕಾಯಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಸೋಲಾರ್ ಪ್ಲೇಟು ನಿಂತಿವೆ. ಅವಳ ಕನ್ನಡದಲ್ಲಿ ಅರ್ಧ ತೆಲುಗು. ಕೋಪ ಬಂದರೆ ಪೂರ್ತಿ ತೆಲುಗೇ. ಮನೆಯಲ್ಲಿ ಮಿಷನ್ ಇಟ್ಟುಕೊಂಡು ಬ್ಲೌಸು ಹೊಲಿಯುತ್ತಾಳೆ. ಅವಳು ಬರುವ ಮುಂಚೆ ನಮ್ಮದು ಮಾತೇ ಇಲ್ಲದ ಮನೆ. ನಮ್ಮ ಯಜಮಾನರು ಮಗನಿಗೆ ಏನಾದರೂ ಹೇಳಬೇಕಾದರೆ ನನಗೆ ಹೇಳುವರು, ಮಗ ಅಪ್ಪನಿಗೆ ಹೇಳಬೇಕಾದರೂ ನನಗೇ ಹೇಳುವನು. ಪೋಸ್ಟ್ ಆಫೀಸು ನಾನು. ಇವಳು ಬಂದವಳೇ ಇಬ್ಬರಿಗೂ ಸಲೀಸಾಗಿ ಮಾತು ಕಲಿಸಿದಳು. ಮಾವನನ್ನು ಕೂರಿಸಿಕೊಂಡು ಮೊಬೈಲಿನಲ್ಲಿ ಕುರಿ ಸಂತೆಯ ವಿಡಿಯೊ ತೋರಿಸುತ್ತಿದ್ದಳು.

ಇಂಥವಳಿಗೆ ಮಕ್ಕಳಾಗಲಿಲ್ಲ. ಒಂದು ವರ್ಷ ಯಾರೂ ಏನೂ ಅನ್ನಲಿಲ್ಲ, ಎರಡನೇ ವರ್ಷ ಕೇಳಿದರು, ಆಮೇಲೆ ಕೇಳುವುದನ್ನೂ ಬಿಟ್ಟು ಅವಳ ಬೆನ್ನ ಹಿಂದೆ ಮಾತಾಡತೊಡಗಿದರು. ನಮ್ಮ ಯಜಮಾನರ ಕಡೆಯವರು ಒಂದು ಸಲ ಬಂದವರು ಊಟ ಮಾಡಿ, ಎಲೆಅಡಿಕೆ ಹಾಕಿಕೊಂಡು, ಕೊರಟಗೆರೆ ಕಡೆ ಒಂದು ಹುಡುಗಿ ಇದೆ ಅಂತ ಶುರು ಮಾಡಿದರು. ಅಡಿಗೆಮನೆಯಲ್ಲಿ ಅವಳು ಪಾತ್ರೆ ತೊಳೆಯುವ ಸದ್ದು ನಿಂತುಹೋಯಿತು. ನನಗೆ ಇವಳನ್ನು ಬಿಟ್ಟುಕೊಡುವ ಮನಸ್ಸು ಕನಸಿನಲ್ಲೂ ಇರಲಿಲ್ಲ. ಆದರೆ ಊರ ಬಾಯಿಗೆ ಎಷ್ಟು ದಿನ ಅಡ್ಡ ನಿಲ್ಲುವುದು? ಒಂದು ಮಗುವಾದರೆ ಇವಳು ನಮ್ಮ ಮನೆಯಲ್ಲೇ ಉಳಿಯುತ್ತಾಳೆ ಅಂತ ನಾನು ದೇವರನ್ನು ಬೇಡಿಕೊಳ್ಳುತ್ತಿದ್ದದ್ದು, ನಿಜ ಹೇಳಬೇಕೆಂದರೆ, ಮೊಮ್ಮಗುವಿನ ಆಸೆಗಿಂತ ಇವಳ ಆಸೆಗೆ.

ಅವಳನ್ನು ಕರೆದುಕೊಂಡು ತಿರುಗದ ಜಾಗವಿಲ್ಲ. ಸಿದ್ದರಬೆಟ್ಟ ಹತ್ತಿಸಿ ಗುಹೆಯೊಳಗಿನ ನೀರು ಕುಡಿಸಿದೆ. ಬೆಟ್ಟದ ಕೆಳಗೆ ಬೇರು ಮಾರುವವರ ಹತ್ತಿರ ಬೇರು ತಂದು ಅರೆದು ಕೊಟ್ಟೆ. ಅವಳು ಮೂಗು ಹಿಡಿದು ಕುಡಿದಳು. ಕೊನೆಗೆ ಯಾರೋ ಹೇಳಿದರು ಅಂತ ಸಿರಾದಲ್ಲಿ ಒಬ್ಬರು ಲೇಡಿ ಡಾಕ್ಟರ ಹತ್ತಿರ ಹೋದೆವು. ಸ್ಕ್ಯಾನಿಂಗು, ರಕ್ತ, ಎಲ್ಲ ಆಯಿತು. ಆಯಮ್ಮ ರಿಪೋರ್ಟನ್ನು ಮಗುಚಿ ಮಗುಚಿ ನೋಡಿ, ಕನ್ನಡಕ ತೆಗೆದು, ಸೊಸೆಯನ್ನು ಬಿಟ್ಟು ನನ್ನನ್ನು ನೋಡಿದರು.

"ಇವಳಲ್ಲಿ ಏನೂ ತೊಂದರೆ ಇಲ್ಲ. ಇಷ್ಟು ವರ್ಷ ಇವಳನ್ನೇ ಸುತ್ತಾಡಿಸಿದ್ದೀರಿ. ಮಗನನ್ನ ಯಾಕಮ್ಮ ತೋರಿಸಿಲ್ಲ?"

"ಅವ್ನಿಗೇನಾಗದೆ ಡಾಕ್ಟ್ರಮ್ಮ? ಗುಂಡ್‌ಕಲ್ಲಂಗವ್ನೆ."

"ಗುಂಡುಕಲ್ಲನ್ನೂ ಒಂದು ಸಲ ಪರೀಕ್ಷೆ ಮಾಡೋಣ" ಅಂದರು ಆಯಮ್ಮ.

ಮಧುಗಿರಿ ಬಸ್ಸಿನಲ್ಲಿ ಸೊಸೆ ಕಿಟಕಿ ಪಕ್ಕ ಕೂತಳು. ಬೇಯಿಸಿದ ಕಡಲೆಕಾಯಿ ಮಾರುವವನು ಬಂದಾಗ ಒಂದು ಪೊಟ್ಟಣ ತೆಗೆದುಕೊಂಡು ಒಬ್ಬಳೇ ಪೂರ್ತಿ ತಿಂದಳು. ನನಗೆ ಒಂದು ಕಾಯಿಯನ್ನೂ ಕೊಡಲಿಲ್ಲ. ಆಮೇಲೆ ಸಿಪ್ಪೆಯನ್ನು ಕಿಟಕಿಯಾಚೆ ಕೊಡವಿ, ನನ್ನ ಭುಜಕ್ಕೆ ತಲೆಯಿಟ್ಟು ಮಲಗಿದಳು. ಅವಳು ಹೊಟ್ಟೆ ಹಸಿದು ತಿಂದು, ಹೀಗೆ ಮೈಮರೆತು ಮಲಗಿದ್ದನ್ನು ನಾನು ನೋಡಿ ಎಷ್ಟೋ ಕಾಲವಾಗಿತ್ತು.

ಗಂಡನಿಗೆ ಅವಳೇ ಹೇಳಿದಳು. ಹೇಗೆ ಹೇಳಿದಳೋ, ನಾನು ಕೇಳಲಿಲ್ಲ. ಅವನು ಎರಡು ದಿನ ಆಟೊ ತೊಳೆದ. ತೊಳೆದದ್ದನ್ನೇ ತೊಳೆದ. ಮೂರನೇ ದಿನ ಪರೀಕ್ಷೆಗೆ ಅಂತ ಮಧುಗಿರಿ ಆಸ್ಪತ್ರೆಗೆ ಹೋದ. ಹೋದವನು ಮಧ್ಯಾಹ್ನಕ್ಕೇ ಬಂದುಬಿಟ್ಟ. ಪರೀಕ್ಷೆ ಆಯಿತೇನಮ್ಮ ಅಂತ ಸೊಸೆಯನ್ನು ಕೇಳಿದೆ. ಅವಳು ತಲೆ ತಗ್ಗಿಸಿ, ಹೊಲಿಯುತ್ತಿದ್ದ ಬ್ಲೌಸಿಗೆ ಕೊಕ್ಕೆ ಹಾಕುತ್ತಾ, ಮೆಲ್ಲಗೆ ಹೇಳಿದಳು:

"ಮೊದ್ಲು ಮೂರ್ ದಿನ ದೂರ ಇರ್ಬೇಕಂತೆ ಅತ್ತೆ. ಆಮೇಲೆ ಬಾ ಅಂದ್ರಂತೆ."

ಮೂರು ದಿನ ದೂರ. ನೀವು ಪೇಟೆಯವರಾದರೆ ನಿಮಗೆ ಇದು ತಿಳಿಯಲಿಕ್ಕಿಲ್ಲ. ನಮ್ಮ ಕಡೆ ಈ ಮಾತಿಗೆ ಇರುವುದು ಒಂದೇ ಅರ್ಥ. ಹೆಂಗಸರು ತಿಂಗಳ ಮೂರು ದಿನ ಒಳಗೆ ಬರುವುದಿಲ್ಲ. ಜಗಲಿಯ ಮೂಲೆಯಲ್ಲಿ ಬೇರೆ ಚಾಪೆ, ಬೇರೆ ತಟ್ಟೆ, ಬೇರೆ ಚೆಂಬು. ಅದನ್ನೇ ನಾವು ದೂರ ಅನ್ನುವುದು. ನನ್ನ ಅತ್ತೆ ಕೂತಿದ್ದರು, ನಾನು ಕೂತಿದ್ದೆ, ಸೊಸೆಯೂ ಕೂರುತ್ತಿದ್ದಳು. ಗಂಡಸಿಗೆ ಯಾಕೆ ಅಂತ ಒಂದು ಗಳಿಗೆ ಯೋಚನೆ ಬಂತು. ಆದರೆ ದೊಡ್ಡ ಪರೀಕ್ಷೆ, ಅದಕ್ಕೂ ಏನೋ ಮಡಿ ಇರಬಹುದು, ಓದಿದವರು ಸುಮ್ಮನೆ ಹೇಳುತ್ತಾರೆಯೇ ಅಂದುಕೊಂಡೆ. ಜಗಲಿ ಗುಡಿಸಿದೆ. ಚಾಪೆ ಹಾಸಿದೆ. ತಟ್ಟೆ ಚೆಂಬು ತಂದಿಟ್ಟು, "ಬಾರಪ್ಪ, ಇಲ್ಲೇ ಕುಂತ್ಕ, ಒಳೀಕ್ ಬರ್ಬ್ಯಾಡ" ಅಂದೆ.

ಅವನು ಚಾಪೆಯನ್ನು ನೋಡಿದ. ಬಾಗಿಲಲ್ಲಿ ನಿಂತಿದ್ದ ಹೆಂಡತಿಯನ್ನು ನೋಡಿದ. ಅವಳ ಮುಖ ಕೆಂಪೇರಿಹೋಯಿತು. ಅತ್ತೆಗೆ ಹೀಗಲ್ಲ, ದೂರ ಅಂದರೆ ಇದು ಅಂತ ಯಾವ ಸೊಸೆ ಬಾಯಿ ಬಿಟ್ಟು ಹೇಳುತ್ತಾಳೆ? ಅಮ್ಮನಿಗೆ ಯಾವ ಮಗ ಹೇಳುತ್ತಾನೆ? ಅವನು ಚಪ್ಪಲಿ ಬಿಟ್ಟು ಸುಮ್ಮನೆ ಹೋಗಿ ಚಾಪೆಯ ಮೇಲೆ ಕೂತ.

ಎದುರುಮನೆಯ ಅಕ್ಕ ನನಗಿಂತ ದೊಡ್ಡವಳು. ಅವಳ ಕಣ್ಣು ತಪ್ಪಿಸಿ ನಮ್ಮ ಬೀದಿಯಲ್ಲಿ ಕೋಳಿಯೂ ಮೊಟ್ಟೆ ಇಡುವುದಿಲ್ಲ. ಸಂಜೆ ನಾನು ಮಗನಿಗೆ ಮುದ್ದೆಯನ್ನು ತಟ್ಟೆಗೆ ಎತ್ತಿ ಹಾಕುವುದನ್ನು ಕಂಡು ಬೀದಿ ದಾಟಿ ಬಂದಳು.

"ಏನಮ್ಮಿ, ನಿನ್ ಮಗ ಆಚೆಗ್ ಕುಂತವ್ನೆ?"

"ಆಸ್ಪತ್ರೇರು ಮೂರ್ ದಿನ ದೂರ ಅಂದವ್ರೆ ಕಣಕ್ಕ."

ಅಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಕಾಲ ಕೆಟ್ಟೋಯ್ತು ಅಂತ ಗೊತ್ತಿತ್ತು. ಗಂಡಸ್ರಿಗೂ ಶುರುವಾಯ್ತು ಅಂತ ಗೊತ್ತಿರ್ಲಿಲ್ಲ" ಅಂದು ಹೊರಟುಹೋದಳು. ಬೆಳಗಾಗುವಷ್ಟರಲ್ಲಿ ಬೀದಿಗೆಲ್ಲ ಸುದ್ದಿ.

ಅವನಿಗೆ ನಾಚಿಕೆಯಾಯಿತು, ಇಲ್ಲ ಅನ್ನುವುದಿಲ್ಲ. ಆದರೆ ಎರಡನೇ ದಿನ ಮಧ್ಯಾಹ್ನ ಸೊಸೆ ಹೊಲಿಗೆ ತಂದು ಬಾಗಿಲ ಒಳಗಡೆ ಕೂತಳು, ಅವನು ಜಗಲಿಯಲ್ಲಿ. ಇಬ್ಬರೂ ಏನೋ ಮಾತಾಡಿಕೊಂಡು ನಗುತ್ತಿದ್ದರು. ನಾನು ಒಳಗೆ ರಾಗಿ ಕೇರುತ್ತಿದ್ದೆ. ನಡುವೆ ಅವನು ಕೇಳಿದ್ದು ನನ್ನ ಕಿವಿಗೆ ಬಿತ್ತು:

"ತಿಂಗ್ ತಿಂಗ್ಳೂ ಇಂಗೇ ಕುಂತ್ಕಂತೀಯಲ್ಲ, ನೀರ್ ಬೇಕಂದ್ರೂ ಯಾರಾನ ಕೂಗ್ಬೇಕು. ನಿಂಗೆ ಬೇಜಾರಾಗಲ್ವಾ?"

ಅವಳು ಏನು ಹೇಳಿದಳೋ ಕೇಳಲಿಲ್ಲ.

ನನಗೆ ಬುದ್ಧಿ ಹೇಳಿದ್ದು ನಮ್ಮ ಯಜಮಾನರು. ಹೊಲದಿಂದ ಬಂದವರು ಮಗ ಕೂತದ್ದನ್ನು ಎರಡು ದಿನ ನೋಡಿಯೂ ಸುಮ್ಮನಿದ್ದರು. ಯಾರೂ ತಮಗೆ ಹೇಳಲಿಲ್ಲ ಅಂತ. ಕೊನೆಗೆ ಕೇಳಿದರು, ಹೇಳಿದೆ. ಹೇಳಿ ಮುಗಿಸುವ ಮೊದಲೇ ಹೆಗಲ ಟವಲ್ಲನ್ನು ಬಾಯಿಗೆ ತುರುಕಿಕೊಂಡು ಗೋಡೆಗೆ ಒರಗಿದರು. ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಾ, ನನ್ನ ಕಿವಿಯ ಹತ್ತಿರ ಬಂದು ಅಂದರು: "ಲೇ ಮಂಕೇ, ದೂರ ಅಂದ್ರೆ ಹೆಂಡ್ತಿಯಿಂದ ಕಣೆ. ಮನೆಯಿಂದ ಅಲ್ಲ." ಪರೀಕ್ಷೆಗೆ ಕೊಡುವುದು ರಕ್ತವಲ್ಲ, ವೀರ್ಯ, ಅದನ್ನು ಕೊಡುವ ಮುಂಚೆ ಕೆಲವು ದಿನ ಗಂಡಹೆಂಡಿರು ಸೇರಬಾರದಂತೆ, ಆಗಲೇ ಲೆಕ್ಕ ಸರಿಯಾಗಿ ಸಿಗುವುದಂತೆ ಅಂತ ಅವರೇ ಬಿಡಿಸಿ ಹೇಳಿದರು. ಈ ವಯಸ್ಸಿನಲ್ಲಿ ನಾನು ಮುಖ ಎಲ್ಲಿ ಇಟ್ಟುಕೊಳ್ಳಲಿ? ಚಾಪೆ ಎತ್ತಲು ಹೋದೆ. ಮಗ, ಇನ್ನೊಂದು ದಿನ ತಾನೇ, ಇರಲಿ ಬಿಡಮ್ಮ ಅಂದ. ಮೂರು ದಿನ ಮುಗಿಸಿ ಸ್ನಾನ ಮಾಡಿ ಒಳಗೆ ಬಂದವನು ನೀರು ಕುಡಿದು, ನನ್ನ ಕಡೆ ತಿರುಗದೆಯೇ ಒಂದು ಮಾತು ಹೇಳಿದ. ಇನ್ನು ಮೇಲೆ ಅವಳು ಆಚೆ ಕೂರುವುದು ಬೇಡ. ನಾನು ಆಗಲಿ ಅಂದೆ. ನನ್ನ ಅತ್ತೆಗೆ ಯಾರಾದರೂ ಈ ಮಾತು ಹೇಳಿದ್ದರೆ ನಾನು ಎಷ್ಟು ಚಳಿಗಾಲ ಜಗಲಿಯಲ್ಲಿ ನಡುಗುವುದು ತಪ್ಪುತ್ತಿತ್ತೋ.

ಪರೀಕ್ಷೆ ಆಯಿತು. ವೀರ್ಯಾಣುಗಳ ಎಣಿಕೆ ಕಡಿಮೆ, ಅವುಗಳ ಓಡಾಟವೂ ಕಡಿಮೆ ಅಂತ ಬಂತು. ಇನ್ನೊಂದು ಸಲ ಮಾಡಿದರೂ ಅದೇ. ತುಮಕೂರಿನಿಂದ ವಾರಕ್ಕೊಂದು ದಿನ ಮಧುಗಿರಿಗೆ ಬರುವ ಡಾಕ್ಟರೊಬ್ಬರಿದ್ದಾರೆ, ಗಂಡಸರ ಈ ತೊಂದರೆಗಳನ್ನೇ ನೋಡುವವರು. ಅವರಿಗೆ ತೋರಿಸು ಅಂತ ಆಸ್ಪತ್ರೆಯವರು ಅಂದರಂತೆ. ಅವನು ಒಬ್ಬನೇ ಹೋದ. ಬಂದವನೇ ಗೋಡೆಗೆ ಮುಖ ಮಾಡಿ ಮಲಗಿದ. ಏನಂದರು ಅಂದರೆ ಏನೂ ಇಲ್ಲ ಅಂದ. ಊಟಕ್ಕೆ ಕರೆದರೆ ಹಸಿವಿಲ್ಲ ಅಂದ. ಹಿಂದೂಪುರಕ್ಕೆ ಲೋಡು ಹಾಕಿಕೊಂಡು ಹೋದರೆ ಬರುವುದು ಹೊತ್ತಾಗುತ್ತಿತ್ತು. ಬಂದರೆ ಜಗಲಿಯಲ್ಲೇ ಮಲಗುತ್ತಿದ್ದ. ಈ ಸಲ ಯಾರೂ ಹೇಳಿರಲಿಲ್ಲ, ಅವನೇ ದೂರ ಇದ್ದ.

ಆಗ ಹುಣಸೆಹಣ್ಣಿನ ಕಾಲ. ಒಂದು ಬೆಳಿಗ್ಗೆ ನಾನೂ ಸೊಸೆಯೂ ಬೇವಿನ ಮರದ ನೆರಳಿನಲ್ಲಿ ಕೂತು ಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದೆವು. ಮಗ ಬಂದು ಎದುರಿಗೆ ನಿಂತ. ಕೂರು ಅಂದರೆ ಕೂರಲಿಲ್ಲ. ಅವಳನ್ನು ನೋಡದೆ, ನನ್ನನ್ನು ನೋಡಿಕೊಂಡು ಹೇಳಿದ:

"ಅಮ್ಮ, ಇವಳನ್ನ ಅವ್ರಪ್ಪನ ಮನೇಗ್ ಕಳಿಸ್ಬುಡಣ. ಇನ್ನೂ ವಯಸ್ಸೈತೆ. ಬೇರೆ ಯಾರನ್ನಾನ ಮಾಡ್ಕಂಡ್ ಸುಖ್ವಾಗಿರ್ಲಿ."

ಹಣ್ಣು ಕುಟ್ಟುವ ಕೊಡತಿ ನನ್ನ ಕೈಯಲ್ಲಿ ಹಾಗೇ ನಿಂತಿತು. ಇಷ್ಟು ದಿನ ನಾನು ಭಯಪಟ್ಟದ್ದು ಊರಿನವರ ಬಾಯಿಗೆ. ಆ ಮಾತು ನನ್ನ ಮಗನ ಬಾಯಿಂದಲೇ ಬಂತು. ಸೊಸೆ ತಲೆ ಎತ್ತಲಿಲ್ಲ. ಕುಟ್ಟುವುದನ್ನೂ ನಿಲ್ಲಿಸಲಿಲ್ಲ. ಕುಟ್ಟುತ್ತಲೇ, ನೇನು ಪೋನು ಅಂದಳು. ನಾನು ಹೋಗಲ್ಲ ಅಂತ. ಎರಡನೇ ಸಲ ಹೇಳುವಾಗ ಕೊಡತಿ ಎತ್ತಿ ಎಷ್ಟು ಜೋರಾಗಿ ಹೊಡೆದಳೆಂದರೆ ಹಣ್ಣಿನ ಜೊತೆ ಬೀಜವೂ ಚೂರಾಯಿತು.

ನಾನು ಮಗನ ಕೈ ಹಿಡಿದು ಎಳೆದು ಕೂರಿಸಿದೆ. ಡಾಕ್ಟ್ರು ಏನಂದರು, ಅಕ್ಷರ ಬಿಡದೆ ಹೇಳು ಅಂದೆ. ನೆಲದ ಮೇಲಿನ ಹುಣಸೆಬೀಜಗಳನ್ನು ಒಂದೊಂದೇ ಆರಿಸುತ್ತಾ ಹೇಳಿದ:

"ಎಡಗಡೆ ನರ ಊದ್ಕಂಡೈತೆ ಅಂದ್ರು. ನರದ್ ಕಾಯಿಲೆ ಅಂದ್ರೆ ಏನಂತ ಗೊತ್ತಲ್ಲಮ್ಮ. ಬಸ್ ಸ್ಟ್ಯಾಂಡ್ ಗೋಡೆ ಮೇಲೆಲ್ಲ ಬರ್ದವ್ರೆ."

ನನಗೂ ಗೊತ್ತಿತ್ತು. ಗೋಡೆ, ಕರೆಂಟು ಕಂಬ, ಪಾಯಖಾನೆಯ ಬಾಗಿಲು, ಎಲ್ಲೆಲ್ಲೂ ಅಂಟಿಸಿರುತ್ತಾರೆ. ನರ ದೌರ್ಬಲ್ಯ, ಗುಪ್ತರೋಗ, ಇಂಥ ವಾರ ಇಂಥ ಲಾಡ್ಜಿನಲ್ಲಿ ಸಿಗುತ್ತಾರೆ ಅಂತ. ಅದನ್ನು ಓದುವ ಗಂಡಸರು ಓದದ ಹಾಗೆ ಓದುತ್ತಾರೆ. ಡಾಕ್ಟರ ಬಾಯಲ್ಲಿ ನರ ಅಂತ ಕೇಳಿದ್ದೇ ಇವನಿಗೆ ಮುಂದಿನದು ಏನೂ ಕೇಳಿಸಿಲ್ಲ. ಆಮೇಲೆ ಡಾಕ್ಟರೇ ನಮಗೆ ಹೇಳಿದ ಹಾಗೆ, ಚಿಕ್ಕ ಆಪರೇಷನ್ನು ಅಂದದ್ದೂ ಕೇಳಿಸಿಲ್ಲ, ಹೆಂಡತಿಯನ್ನೂ ಕರೆದುಕೊಂಡು ಬಾ ಅಂದದ್ದೂ ಕೇಳಿಸಿಲ್ಲ. ತಾನು ಗಂಡಸೇ ಅಲ್ಲ ಅಂತ ತೀರ್ಮಾನ ಮಾಡಿಕೊಂಡು ಎದ್ದು ಬಂದಿದ್ದಾನೆ.

ಆಗ ನನ್ನ ಕಾಲು ನೆನಪಾಯಿತು. ವರ್ಷಾನುಗಟ್ಟಲೆ ಗದ್ದೆಬಯಲಲ್ಲಿ ನಿಂತು ನಿಂತು ನನ್ನ ಮೀನಖಂಡದ ಮೇಲೆ ನೀಲಿ ನರಗಳು ಹಾವಿನ ಮರಿ ಸುತ್ತಿಕೊಂಡ ಹಾಗೆ ಉಬ್ಬಿವೆ. ಹೋಬಳಿ ಆಸ್ಪತ್ರೆಯಲ್ಲಿ ತೋರಿಸಿದಾಗ ಅಲ್ಲಿಯವರು ಹೇಳಿದ್ದೂ ಇದೇ ಮಾತು: ನರ ಊದಿದೆ, ಕಾಲು ಎತ್ತರಕ್ಕೆ ಇಟ್ಟುಕೊಂಡು ಮಲಗು. ನಾನು ಸೀರೆಯನ್ನು ಮೊಣಕಾಲ ತನಕ ಎತ್ತಿ ಕಾಲನ್ನು ಅವನ ಮುಂದೆ ಚಾಚಿದೆ.

"ನೋಡ್ಲಾ. ಇದೂ ನರ ಊದ್ಕಂಡಿರಾದೇ. ಈ ಕಾಲಲ್ಲೇ ನಿನ್ನ ಎತ್ಕಂಡ್ ತಿರುಗಿದ್ದು, ಈ ಕಾಲಲ್ಲೇ ಸಿದ್ದರಬೆಟ್ಟ ಹತ್ತಿದ್ದು. ನಂದೇನ್ ದೌರ್ಬಲ್ಯನಾ?"

ಅವನು ನನ್ನ ಕಾಲನ್ನು ನೋಡಿದ. ಇಷ್ಟು ವರ್ಷ ದಿನಾ ಕಂಡ ಕಾಲನ್ನೇ ಈಗ ಬಗ್ಗಿ ನೋಡಿದ. ಬೆರಳಿನಿಂದ ಮೆಲ್ಲಗೆ ಒಂದು ನರವನ್ನು ಒತ್ತಿದ. ಅದು ಒಳಗೆ ಹೋಗಿ ಮತ್ತೆ ಎದ್ದಿತು. "ನೋವಾಯ್ತದಾ ಅಮ್ಮ?" ಅಂದ. ಸೊಸೆ ಕೊಡತಿಯನ್ನು ಕೆಳಗಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು, ಎಂದೂ ನನ್ನೆದುರು ಗಂಡನನ್ನು ಮುಟ್ಟದವಳು, ಅವನ ಬೆನ್ನ ಮೇಲೆ ಕೈಯಿಟ್ಟಳು.

ಡಾಕ್ಟರು ಬರುವ ದಿನ ಮೂವರೂ ಹೋದೆವು. ಆಟೊದ ಮುಂದಿನ ಸೀಟಿನಲ್ಲಿ ಇಬ್ಬರಿಗೇ ಜಾಗ. ನಾನೂ ಸೊಸೆಯೂ ಬಸ್ಸಿಗೆ ಹೋಗುತ್ತೇವೆ ಅಂದರೆ ಕೇಳದೆ ಅವನೂ ಆಟೊ ಬಿಟ್ಟು ಬಸ್ಸಿಗೇ ಬಂದ. ಡಾಕ್ಟರು ಚಿಕ್ಕ ವಯಸ್ಸಿನವರು. ಅಜ್ಜಿ ಹೊರಗೆ ಕೂತಿರಲಿ ಅಂದರು. ನಾನು ಎದ್ದೆ. ಮಗ ನನ್ನ ಸೀರೆ ಹಿಡಿದು, ಅಮ್ಮನೂ ಇರಲಿ ಸಾರ್ ಅಂದ. ಮೊದಲ ಸಲ ಸ್ಕೂಲಿಗೆ ಬಿಟ್ಟಾಗ ಹಿಡಿದುಕೊಂಡ ಹಾಗೆ.

ನಾನೇ ಕೇಳಿದೆ. ನನ್ನ ಕಾಲನ್ನು ತೋರಿಸಿ, ನೀವು ಹೇಳಿದ ನರ ಇಂಥದ್ದೋ, ಗೋಡೆ ಮೇಲೆ ಬರೆದಿರುವ ಅಂಥದ್ದೋ ಅಂತ. ಅವರು ಪೆನ್ನು ಕೆಳಗಿಟ್ಟರು. ನಗಲಿಲ್ಲ. ಅದಕ್ಕೇ ಅವರ ಮೇಲೆ ನನಗೆ ಇವತ್ತಿಗೂ ಪ್ರೀತಿ.

"ಇಂಥದ್ದೇ ಅಮ್ಮ. ನಾವು ರಕ್ತದ ನಾಳಕ್ಕೂ ನರ ಅಂತೀವಿ, ಅದೇ ತೊಂದರೆ ಆಗಿರೋದು. ನಾನು ಸರಿಯಾಗಿ ಬಿಡಿಸಿ ಹೇಳಬೇಕಿತ್ತು" ಅಂದು ಮಗನ ಕಡೆ ತಿರುಗಿದರು. "ನಿಮ್ಮ ಗಂಡಸುತನಕ್ಕೂ ಇದಕ್ಕೂ ಸಂಬಂಧವೇ ಇಲ್ಲ."

ಆಮೇಲೆ ಚಿತ್ರ ಬರೆದು ತೋರಿಸಿದರು. ಬೀಜದ ಚೀಲದಿಂದ ರಕ್ತ ಮೇಲಕ್ಕೆ ವಾಪಸು ಹೋಗುವ ನಾಳಗಳು ಸಡಿಲವಾಗಿ ಊದಿಕೊಂಡಿವೆ, ರಕ್ತ ಅಲ್ಲೇ ನಿಂತು ಬಿಸಿಯಾಗುತ್ತದೆ. ಬೀಜಕ್ಕೆ ತಂಪು ಬೇಕು, ಅದಕ್ಕೇ ದೇವರು ಅದನ್ನು ಮೈಯಿಂದ ಆಚೆ ನೇತುಹಾಕಿರುವುದು. ಬಿಸಿಯಾದರೆ ವೀರ್ಯಾಣು ಕಡಿಮೆಯಾಗುತ್ತವೆ, ಸೋಮಾರಿಗಳಾಗುತ್ತವೆ. ಇಂಥ ಗಂಡಸರು ಬಹಳ ಜನ ಇದ್ದಾರೆ, ಮಕ್ಕಳು ಬೇಕು ಅಂತ ಬಂದಾಗಲೇ ಗೊತ್ತಾಗುವುದು. ಇವನು ಇಡೀ ದಿನ ಇಂಜಿನ್ನಿನ ಮೇಲಿನ ಸೀಟಿನಲ್ಲಿ ಕೂರುವುದೂ ಒಳ್ಳೆಯದಲ್ಲ, ನಡುನಡುವೆ ಇಳಿದು ಓಡಾಡಬೇಕು. ಬಾಯಲ್ಲಿರುವ ಗುಟ್ಕಾ ಇವತ್ತೇ ಬಿಡಬೇಕು. ಆಪರೇಷನ್ ಆದರೆ ಮಗು ಆಗೇ ಆಗುತ್ತದೆ ಅಂತ ಮಾತು ಕೊಡುವುದಿಲ್ಲ, ಆದರೆ ತುಂಬಾ ಜನರಿಗೆ ಗುಣ ಕಂಡಿದೆ. ಹೊಸ ವೀರ್ಯಾಣು ತಯಾರಾಗಿ ಬರುವುದಕ್ಕೇ ಮೂರು ತಿಂಗಳಂತೆ, ಅಷ್ಟಾದರೂ ಕಾಯಬೇಕು.

ಮಗ ಎಲ್ಲವನ್ನೂ ಕೇಳಿಸಿಕೊಂಡ. ಈಚೆ ಬಂದವನೇ ಜೇಬಿನಲ್ಲಿದ್ದ ಗುಟ್ಕಾ ಪ್ಯಾಕೆಟ್ಟನ್ನು ತೆಗೆದು ಕಸದ ಡಬ್ಬಕ್ಕೆ ಹಾಕಿದ. ನಾನು ವರ್ಷಗಟ್ಟಲೆ ಬೈದರೂ ಬಿಡದವನು.

ಆಪರೇಷನ್ನು ತುಮಕೂರಿನಲ್ಲಾಯಿತು. ಬೇಗ ಮನೆಗೆ ಕಳಿಸಿದರು. ಊರಿಗೆ ಬಂದ ಮೇಲೆ ಕಾಲು ಅಗಲಿಸಿಕೊಂಡು ಮೆಲ್ಲಗೆ ನಡೆಯುತ್ತಿದ್ದ. ಎದುರುಮನೆಯ ಅಕ್ಕ ಕಂಡಳು. ಕಾಣದೆ ಇರುತ್ತಾಳೆಯೇ? ಏನಾಯಿತು ಅಂದಳು. ನಾನು ಯೋಚನೆ ಮಾಡದೆ ಆಪರೇಷನ್ ಅಂದುಬಿಟ್ಟೆ. ಅಕ್ಕ ಕೆನ್ನೆಗೆ ಕೈಯಿಟ್ಟುಕೊಂಡಳು. ನಮ್ಮ ಕಡೆ ಆಪರೇಷನ್ ಅಂದರೂ ಒಂದೇ ಅರ್ಥ ನೋಡಿ, ಮಕ್ಕಳು ಸಾಕು ಅಂತ ಮಾಡಿಸಿಕೊಳ್ಳುವುದು.

"ಅಲ್ವೇ, ಒಂದೂ ಇಲ್ದಲೇ ಸಾಕು ಅಂತ ಮಾಡಿಸ್ಬುಟ್ಟಾ? ಬುದ್ಧಿ ಐತಾ ಇವನಿಗೆ?"

ಇಷ್ಟರ ಹೊತ್ತಿಗೆ ನನಗೂ ನಾಚಿಕೆ ಸವೆದುಹೋಗಿತ್ತು. ಕೂರಿಸಿಕೊಂಡು ಕಾಲು ತೋರಿಸಿ ಎಲ್ಲ ಹೇಳಿದೆ. ಅಕ್ಕ ತನ್ನ ಸೀರೆಯನ್ನೂ ಎತ್ತಿ ನೋಡಿಕೊಂಡಳು. ಅವಳ ಕಾಲಲ್ಲೂ ಇತ್ತು. ಆವತ್ತಿನಿಂದ ಅವಳು ನಮ್ಮ ಮನೆಯ ವಿಷಯದಲ್ಲಿ ಯಾರೇ ಕೊಂಕು ಮಾತಾಡಿದರೂ ಮೇಲೆ ಬೀಳುತ್ತಿದ್ದಳು.

ಪಾವಗಡದಿಂದ ಬೀಗರು ನೋಡಲು ಬಂದರು. ಬೀಗಿತ್ತಿ ಒಂದು ಬುಟ್ಟಿ ನಾಟಿಕೋಳಿ ಮೊಟ್ಟೆ ತಂದಿದ್ದಳು. ಅಡಿಗೆಮನೆಯಲ್ಲಿ ನನ್ನ ಕೈ ಹಿಡಿದುಕೊಂಡು, ಅತ್ತಿಗೆ ಅನ್ನುವ ತೆಲುಗು ಮಾತಿನಲ್ಲಿ ಕರೆದು, "ಒದಿನಾ, ಮಗಳನ್ನ ಕಳಿಸ್ತೀರೇನೋ ಅಂತ ನಾವು ದಿನಾ ರೋಡೇ ನೋಡ್ತಿದ್ವಿ" ಅಂದಳು. ನಮ್ಮಿಬ್ಬರಿಗೂ ಒಂದೇ ಭಯ ಇತ್ತು ಅಂತ ಆವತ್ತು ಗೊತ್ತಾಯಿತು. ಇಬ್ಬರೂ ಒಲೆಯ ಮುಂದೆ ಕೂತು ಅತ್ತು, ಎದ್ದು ಸಾರಿಗೆ ಒಗ್ಗರಣೆ ಹಾಕಿದೆವು.

ಆಮೇಲಿನದು ಕಾಯುವ ಕೆಲಸ. ನಾನು ಏನೂ ಕೇಳುವುದಿಲ್ಲ ಅಂತ ಬಾಯಿ ಬಿಗಿಹಿಡಿದಿದ್ದೆ. ಒಂದು ಸಲ ಪರೀಕ್ಷೆಯಲ್ಲಿ ಪರವಾಗಿಲ್ಲ, ಏರಿದೆ ಅಂತ ಬಂತು. ಆಮೇಲೂ ತಿಂಗಳುಗಳು ಹೋದವು. ಮುಂಚೆ ಆಗಿದ್ದರೆ ಸೊಸೆ ಜಗಲಿಯಲ್ಲಿ ಕೂತಳೋ ಇಲ್ಲವೋ ನೋಡಿದರೆ ಸಾಕು, ನನಗೆ ಎಲ್ಲ ತಿಳಿಯುತ್ತಿತ್ತು. ಈಗ ಅವಳು ಆಚೆ ಕೂರುವುದೇ ಇಲ್ಲವಲ್ಲ, ನನಗೆ ತಿಂಗಳ ಲೆಕ್ಕವೇ ಇರಲಿಲ್ಲ. ಹಾಗಾಗಿ ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಗೊತ್ತಾದದ್ದು ನನಗೆ. ಗಂಡ ಹಿಂದೂಪುರದಿಂದ ಬಂದು ಹತ್ತಿರ ನಿಂತರೆ ಅವಳು ಡೀಸೆಲ್ ವಾಸನೆ ಅಂತ ಮೂಗು ಮುಚ್ಚಿಕೊಂಡು ಹಿತ್ತಿಲಿಗೆ ಓಡುತ್ತಿದ್ದಳು. ಮತ್ತೆ ಜಗಳವೇನೋ ಅಂದುಕೊಂಡೆ. ಒಂದು ದಿನ ತಡೆಯಲಾರದೆ ಮಗನನ್ನು ಬೈದೆ, ಅವಳಿಗೆ ಏನಂದೆಯೋ, ಹೀಗೆ ಓಡುತ್ತಾಳೆ ಅಂತ. ಅವನು ತಕ್ಕಡಿಯ ತಟ್ಟೆಗಳಂತೆ ಎರಡು ಕೈಯನ್ನೂ ಮೇಲೆ ಕೆಳಗೆ ಆಡಿಸುತ್ತಾ, ಹೇಳಲೋ ಬೇಡವೋ ಅನ್ನುವವನ ಹಾಗೆ ನಗುತ್ತಿದ್ದ. ಮೂಲೆಯಲ್ಲಿ ಕೂತಿದ್ದ ನಮ್ಮ ಯಜಮಾನರು, ತಾವಾಗಿ ಬಾಯಿ ಬಿಡುವುದೇ ಅಪರೂಪದವರು, "ನೀನ್ ಅಜ್ಜಿ ಆಯ್ತೀಯ ಕಣೆ" ಅಂದರು. ಅವರಿಗೆ ಸೊಸೆ ಮೊಬೈಲಿನಲ್ಲಿ ಕುರಿ ವಿಡಿಯೊ ತೋರಿಸುವಾಗ ಮೊದಲೇ ಹೇಳಿಬಿಟ್ಟಿದ್ದಳಂತೆ. ನನಗೆ ಸಿಟ್ಟು ಬಂತು. ಸಿಟ್ಟು ಬಂದದ್ದು ಎಲ್ಲಿ ಹೋಯಿತೋ, ಅವಳನ್ನು ತಬ್ಬಿಕೊಂಡು ಹಿತ್ತಿಲಲ್ಲೇ ನಿಂತಿದ್ದೆ, ಅವಳು ಬಿಡಿ ಅತ್ತೆ ವಾಂತಿ ಬರುತ್ತೆ ಅನ್ನುವ ತನಕ.

ಚೊಚ್ಚಲ ಹೆರಿಗೆ ತವರಿನಲ್ಲಿ. ಪಾವಗಡದ ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿದ ಫೋನು ಬಂದಾಗ ಮಗ ಲೋಡು ಇಳಿಸುತ್ತಿದ್ದನಂತೆ. ಅರ್ಧ ಲೋಡು ಟೊಮೊಟೊ ಆಟೊದಲ್ಲೇ ಇಟ್ಟುಕೊಂಡು ಹೋಗಿದ್ದಾನೆ. ಆಸ್ಪತ್ರೆಯ ನರ್ಸುಗಳಿಗೆ, ಆಯಾಗಳಿಗೆ, ಪಕ್ಕದ ಮಂಚದವರಿಗೆ, ಎಲ್ಲರಿಗೂ ಸ್ವೀಟಿನ ಬದಲು ಟೊಮೊಟೊ ಹಂಚಿದನಂತೆ.

ಬಾಣಂತಿ ಐದು ತಿಂಗಳು ತವರಲ್ಲಿರಲಿ ಅಂದರು ಬೀಗರು. ಅವನಿಗೆ ತಡೆಯಲು ಆಗಲಿಲ್ಲ. ಯಾವ ಲೋಡು ಹಾಕಿದರೂ ಆಟೊ ಪಾವಗಡದ ಕಡೆಗೇ ತಿರುಗುತ್ತಿತ್ತು. ಮೂರು ತಿಂಗಳಿಗೇ ಕರೆದುಕೊಂಡು ಬಂದ. ತೊಟ್ಟಿಲು, ಗಂಟುಮೂಟೆ ಎಲ್ಲ ಲಗೇಜ್ ಆಟೊದಲ್ಲಿ. ಸೊಸೆಯೂ ಮಗುವೂ ಮುಂದಿನ ಸೀಟಿನಲ್ಲಿ, ಬಿಸಿ ತಾಗದ ಹಾಗೆ ಕೆಳಗೆ ಎರಡು ಕಂಬಳಿ ಹಾಸಿದ್ದ.

ನಾನು ಬಾಗಿಲಲ್ಲಿ ಕೆಂಪುನೀರಿನ ಆರತಿ ತಟ್ಟೆ ಹಿಡಿದು ನಿಂತಿದ್ದೆ. ಸೊಸೆ ಮಗುವನ್ನು ಎತ್ತಿಕೊಂಡು ಬಂದು ನಿಂತಳು. ಮಗ ಅಷ್ಟು ದೂರದಲ್ಲಿ ತೊಟ್ಟಿಲು ಇಳಿಸುತ್ತಿದ್ದ. ಬಾರೋ, ನೀನೂ ನಿಂತುಕೋ ಅಂದೆ. ಎದುರುಮನೆಯ ಅಕ್ಕ, ಬಾಣಂತಿಗೆ ಮಗುವಿಗೆ ಎತ್ತಿದರೆ ಸಾಕು, ಗಂಡಸರಿಗೆ ಯಾಕೆ ಅಂದಳು. ಅವನೂ ನಾನ್ಯಾಕಮ್ಮ ಅಂದ.

"ನೀನಿಲ್ದಲೇ ಬಂದ್ಬುಡ್ತಾ ಇದು? ಬಾರ್ಲಾ" ಅಂದೆ.

ತೊಟ್ಟಿಲನ್ನು ಅಲ್ಲೇ ಇಟ್ಟು ಬಂದ. ಸೊಸೆ ಸ್ವಲ್ಪ ಸರಿದು ಜಾಗ ಬಿಟ್ಟು, ಮಗುವನ್ನು ಅವನ ಕೈಗೆ ಕೊಟ್ಟಳು. ಮೂವರಿಗೂ ಸೇರಿಸಿ ತಟ್ಟೆ ಸುತ್ತಿದೆ. ಮೂರು ಹಣೆಗೂ ಬೊಟ್ಟು ಇಟ್ಟೆ. ಮಗು ಕಾಲು ಝಾಡಿಸಿದ್ದು ತಟ್ಟೆಗೆ ತಗುಲಿ ಅರ್ಧ ಕೆಂಪುನೀರು ಅವನ ಬಿಳಿ ಅಂಗಿಯ ಮೇಲೆ ಚೆಲ್ಲಿತು. ಬಲಗಾಲಿಟ್ಟು ಬನ್ನಿ ಅಂದೆ. ಯಾರು ಮೊದಲು ಅಂತ ನಾನು ಹೇಳಲಿಲ್ಲ. ಇಬ್ಬರೂ ಒಟ್ಟಿಗೇ ಬಲಗಾಲು ಎತ್ತಿ ಒಳಗೆ ಬರಲು ಹೋಗಿ ಬಾಗಿಲಲ್ಲಿ ಸಿಕ್ಕಿಕೊಂಡರು. ನಮ್ಮ ಬಾಗಿಲು ಅಷ್ಟು ಅಗಲವಿಲ್ಲ.